ಅರ್ಧ ಬಕೆಟ್ ಕಲಗಚ್ಚು

ಬೆಳಗಿನ ಆರಕ್ಕೆ ತಾಂಡ್ಯದ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಅದು ನಿಲ್ಲುವ ಮೊದಲೇ ಪಕ್ಕದ ಸಾಲುಮನೆಗಳಲ್ಲಿ ಒಂದು ಚಿಲಕ ಸದ್ದು ಮಾಡಿದರೆ, ಗೋವಿಂದಮ್ಮ ಕೆಲಸಕ್ಕೆ ಹೊರಟರೆಂದು ಅಲ್ಲಿಯವರಿಗೆ ತಿಳಿಯುತ್ತಿತ್ತಂತೆ.

ನಂಜನಗೂಡಿನ ನಮ್ಮ ಹುಡುಗಿಯರ ಹಾಸ್ಟೆಲಿಗೆ ಅವರು ಅಡುಗೆಗೆ ಬಂದದ್ದು ತೊಂಬತ್ತೆಂಟರಲ್ಲಿ, ನಾನು ಎರಡನೇ ಬಿ.ಎ. ಓದುತ್ತಿದ್ದಾಗ. ಸೀರೆಯ ಮೇಲೆ ತೀರಿಕೊಂಡ ಗಂಡನ ಖಾಕಿ ಅಂಗಿ, ಪುಟ್ಟದಾದರೂ ಯಾರ ಕೈಗೂ ಸಿಗದ ಹೆಜ್ಜೆ. ಮಾತನ್ನು ನಮ್ಮೆದುರು ಆರಂಭಿಸಿ ಒಲೆಯ ಹತ್ತಿರ ಮುಗಿಸುತ್ತಿದ್ದರು. ಉಳಿದರ್ಧ ಬೇಕಾದವರು ಬೆನ್ನು ಹತ್ತಬೇಕಿತ್ತು.

ಅವರ ಕೈಯಲ್ಲಿ ಯಾವ ತರಕಾರಿಯೂ ಬೇಗ ಮುಗಿಯುತ್ತಿರಲಿಲ್ಲ. ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ಮೂಲಂಗಿಯ ಸೊಪ್ಪು ಪಲ್ಯವಾಗುತ್ತಿತ್ತು, ಕೊತ್ತಂಬರಿಯ ದಂಟು ಮಸಾಲೆಗೆ ಸೇರುತ್ತಿತ್ತು, ಅಕ್ಕಿ ತೊಳೆದ ಎರಡನೆಯ ನೀರಿನಲ್ಲಿ ಸಾರಿನ ಸೊಪ್ಪು ಬೇಯುತ್ತಿತ್ತು. ಶುಕ್ರವಾರ ಸಂಜೆ ಕೋಣೆಕೋಣೆಗೆ ಬಂದು, "ಯಾರ್‍ಯಾರು ಊರಿಗೆ ಓಯ್ತೀರಿ?" ಎಂದು ಕೇಳಿಯೇ ರಾತ್ರಿಯ ಅಕ್ಕಿ ಅಳೆಯುತ್ತಿದ್ದರು. ಪರೀಕ್ಷೆಯ ದಿನ ಒಂದು ಸೇರು ಕಡಿಮೆ. "ಗಾಬ್ರೀಲಿ ಒಟ್ಟೆ ಅರ್ಧ ಮುಚ್ಕಂಡಿರ್ತದೆ" ಎನ್ನುವರು.

ಅವರಿಗೆ ಕುತ್ತು ಬಂದದ್ದೂ ಇದರಿಂದಲೇ. ಹಿಂದಿನ ಬೀದಿಯ ಪುಟ್ಟಬಸವಯ್ಯ ವರ್ಷಗಳಿಂದ ಹಾಸ್ಟೆಲಿನ ಕಲಗಚ್ಚನ್ನು, ಎಂದರೆ ಅಕ್ಕಿ ತೊಳೆದ ನೀರು, ಸಿಪ್ಪೆ, ಮಿಕ್ಕ ಅನ್ನವನ್ನು, ದಿನಕ್ಕೆರಡು ಬಕೆಟ್ ತಮ್ಮ ಹಸುಗಳಿಗೆ ಒಯ್ಯುತ್ತಿದ್ದರು. ಬದಲಿಗೆ ವಾರ್ಡನ್ ಭಾಗೀರಥಮ್ಮನವರ ಕಾಫಿಗೆ ಅರ್ಧ ಲೀಟರ್ ಹಾಲು. ಗೋವಿಂದಮ್ಮ ಬಂದ ಮೇಲೆ ಎರಡು ಬಕೆಟ್ ಅರ್ಧ ಬಕೆಟ್ಟಿಗಿಳಿಯಿತು. ಎಸೆಯುವುದೇ ಕಡಿಮೆಯಾಗಿರಬಹುದೆಂದು ಪುಟ್ಟಬಸವಯ್ಯನವರಿಗೆ ಹೊಳೆಯಲೇ ಇಲ್ಲ.

"ಅರವತ್ತು ಮಕ್ಳು ಉಣ್ಣೋ ಮನೇಲಿ ಅರ್ಧ ಬಕೆಟ್ಟಾ ಮೇಡಂ? ಈಯಮ್ಮ ಬ್ಯಾರೆ ಯಾರ್‍ಗೋ ಸಾಗಿಸ್ತಾವ್ಳೆ."

ಕಲಗಚ್ಚು ಸಾಗಿಸುವವಳು ಬೇಳೆಯನ್ನು ಬಿಟ್ಟಾಳೆಯೇ ಎಂದು ಭಾಗೀರಥಮ್ಮನವರಿಗೆ ಅನ್ನಿಸಿತು. ನಾಳೆಯಿಂದ ಬರಬೇಡ ಎಂದರು. ಗೋವಿಂದಮ್ಮ ಕಣ್ಣೀರು ಹಾಕಲಿಲ್ಲ. ಖಾಕಿ ತೋಳಿಗೆ ಕೈಯೊರೆಸಿಕೊಂಡರು.

"ಬುಡ್ಸದಾದ್ರೆ ನಾಡಿದ್ದು ಬುಡ್ಸಿ ಮೇಡಂ. ನಾಳೆ ಒಂದಿನ ಈಯಣ್ಣ ಅಡುಗೆಮನೇಲೇ ಕುಂತು ನೋಡ್ಲಿ."

ಮರುದಿನ ಪುಟ್ಟಬಸವಯ್ಯ ಬಾಗಿಲ ಬಳಿ ಬಕೆಟ್ಟನ್ನು ತೊಡೆಗೊತ್ತಿಕೊಂಡು ಕೂತರು. ಹೀರೇಕಾಯಿ ಹೆರೆಯುವಾಗ ಸಿಪ್ಪೆಗೆಂದು ಬಕೆಟ್ ಮುಂದೊಡ್ಡಿದರು. ಸಿಪ್ಪೆ ಬಾಣಲೆಗೆ ಹೋಯಿತು. ದಂಟಿಗೆಂದು ಒಡ್ಡಿದರು, ದಂಟು ಒರಳಿಗೆ ಹೋಯಿತು. ಮಧ್ಯಾಹ್ನ ಅವರಿಗೂ ತಟ್ಟೆ ಬಂತು. ಎರಡು ಮುದ್ದೆ ಮುಗಿಸಿ, ಮೂರನೆಯ ಸಲ ಚಟ್ನಿಗೆ ಕೈಯೊಡ್ಡಿದರು.

"ಏನವ್ವ ಇದು, ಬೋ ಚೆಂದಾಗದೆ!"

"ನಿಮ್ಮ ಅಸೀನ ಪಾಲು ಕಣಣ್ಣ," ಎಂದರು ಗೋವಿಂದಮ್ಮ. "ಅದ್ರ ಬಾಯ್ಗೆ ಬೀಳೋದ್ನ ನೀವೇ ಮೂರ್ ಸಲ ಆಕಿಸ್ಕಂಡ್ರಿ."

ಅರವತ್ತು ಹುಡುಗಿಯರ ನಗೆಯ ನಡುವೆ ಪುಟ್ಟಬಸವಯ್ಯ ತಟ್ಟೆಯನ್ನು ಬೆರಳಿನಿಂದ ಒರೆಸಿ ತಿಂದು, ಖಾಲಿ ಬಕೆಟ್ ಹಿಡಿದು ಎದ್ದರು. ಭಾಗೀರಥಮ್ಮ ಕ್ಷಮೆ ಕೇಳಲಿಲ್ಲ. ಆದರೆ ಅದುವರೆಗೂ ತಮ್ಮ ಸೊಂಟದಲ್ಲೇ ಇರುತ್ತಿದ್ದ ಉಗ್ರಾಣದ ಬೀಗದ ಕೈಯನ್ನು ಮಾರನೆಯ ಬೆಳಿಗ್ಗೆ ಒಲೆಯ ಕಟ್ಟೆಯ ಮೇಲಿಟ್ಟು ಹೋದರು. ಪುಟ್ಟಬಸವಯ್ಯನವರ ಹಾಲು ನಿಂತದ್ದರಿಂದ ಪ್ಯಾಕೆಟ್ ಹಾಲಿನ ಕಾಫಿಗೂ ಒಗ್ಗಿಕೊಂಡರು.

ಇಂಥವರನ್ನು ಜಿಪುಣರೆಂದು ಕರೆದು ನಾವು ಹಗುರಾಗುತ್ತೇವೆ. ಜಿಪುಣರ ಕೈ ಬಡಿಸುವಾಗ ಹಿಂಜರಿಯುತ್ತದೆ. ಇವರ ಕೈ ಹಿಂಜರಿಯುವುದು ಎಸೆಯುವಾಗ ಮಾತ್ರ. ಯಾವುದನ್ನೂ ಬೇಡವೆನ್ನುವ ಮೊದಲು ಅದನ್ನು ಇನ್ನೊಮ್ಮೆ ನೋಡುವ ಈ ಜನ, ಮನುಷ್ಯರನ್ನೂ ಹಾಗೆಯೇ ನೋಡುತ್ತಾರೆ. ಪುಟ್ಟಬಸವಯ್ಯನವರಿಗೆ ಆಮೇಲೂ ಆ ಅರ್ಧ ಬಕೆಟ್ ತಪ್ಪಲಿಲ್ಲ.

ಹೋದ ವರ್ಷ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಗೋವಿಂದಮ್ಮ ಸಿಕ್ಕರು, ತವರೂರು ಹೆಮ್ಮಿಗೆಗೆ ಹೊರಟಿದ್ದರು. ನನ್ನ ಅಡುಗೆಮನೆಯಲ್ಲೂ ಏನನ್ನೂ ಎಸೆಯುವುದಿಲ್ಲ, ಬಾಳೆಕಾಯಿ ಸಿಪ್ಪೆಯೊಂದನ್ನು ಬಿಟ್ಟು ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರ ಹುಬ್ಬು ಮೇಲೇರಿತು.

"ಅಯ್ಯೋ ಮಗಾ, ಅದ್ನ ಯಾಕೆ ಎಸೀತೀಯೆ? ಸಣ್ಣಗೆ ಎಚ್ಚು, ಅರಿಶಿಣದ ನೀರಲ್ಲಿ ಬೇಯ್ಸು, ಆಮ್ಯಾಕೆ ಸಾಸಿವೆ ಸಿಡಿಸ್ಬುಟ್ಟು..." ಎನ್ನುತ್ತ, ಅದೇ ಪುಟ್ಟ ಹೆಜ್ಜೆಗಳಲ್ಲಿ, ಒಗ್ಗರಣೆಯನ್ನು ಬಾಯಲ್ಲೇ ಇಟ್ಟುಕೊಂಡು ಬಸ್ಸಿನತ್ತ ಹೊರಟೇಬಿಟ್ಟರು.