ಅರಿಸಿನ ನಾರಿನ ಗೂಡು

ರಾತ್ರಿಯಿಡೀ ಜಿನುಗಿದ ಮಳೆ ಬೆಳಗಿನ ಜಾವಕ್ಕೆ ನಿಂತು, ಭಾದ್ರಪದದ ಬಿಸಿಲು ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನ ತಗಡುಗಳ ಮೇಲೆ ಏರಿ ಕೂತಿತ್ತು. ನೆಲದಿಂದ ಹಬೆ ಏಳುತ್ತಿತ್ತು. ಕೆಲಸಕ್ಕೆ ಕೈಹಚ್ಚುವ ಮೊದಲೇ ಮೈಯ ಕಸುವನ್ನು ಹೀರಿಬಿಡುವ ಬೆಳಗು ಅದು. ಭೂಪಾಲ ತನ್ನ ಗ್ಯಾರೇಜಿನ ಮುಂದಿದ್ದ ಬಿಳಿ ಕಾಂಟೆಸ್ಸಾದ ಬಾಗಿಲು ತೆಗೆದ. ಒಳಗಿನಿಂದ ಅರಿಸಿನದ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು.

ಸಾಂಗ್ಲಿಯ ಅರಿಸಿನ ಪೇಟೆಯ ಬಸಲಿಂಗಪ್ಪ ಶೇಟರ ಕಾರು ಅದು. ಅವರ ಹೆಂಡತಿ ಕಾಡವ್ವ ಗೋದಾಮಿನ ಮೆಟ್ಟಿಲಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡು ಮಿರಜದ ದವಾಖಾನೆ ಸೇರಿದ ಮೇಲೆ ಕಾರು ಗೋದಾಮಿನ ಅರಿಸಿನ ಚೀಲಗಳ ನಡುವೆಯೇ ನಿಂತುಬಿಟ್ಟಿತ್ತು. ಇವತ್ತು ಆಕೆಯನ್ನು ಮನೆಗೆ ಕರೆತರಬೇಕು. ಹೊಸ ನಮೂನೆಯ ಚಿಕ್ಕ ಕಾರುಗಳಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಲು ಬರುವುದಿಲ್ಲ. ಇದರ ಹಿಂದಿನ ಸೀಟು ಮಂಚದ ಹಾಗೆ. ಆದರೆ ಗುಂಡಿಯನ್ನು ಎತ್ತ ತಿರುಗಿಸಿದರೂ ಕಾರಿನೊಳಗೆ ಬಿಸಿಗಾಳಿಯೇ ನುಗ್ಗುತ್ತಿತ್ತು.

"ಈ ಉರಿಯೊಳಗ ಆಕೀನ ಕರಕೊಂಡು ಬಂದರ ದಾರ್‍ಯಾಗ ಪ್ರಾಣಾ ಬಿಡ್ತಾಳ," ಎಂದು ನಿನ್ನೆ ಕಾರು ಬಿಟ್ಟುಹೋಗುವಾಗ ಶೇಟರು ಹೇಳಿದ್ದರು. "ನಾಳೆ ಇಳಿಹೊತ್ತಿಗೆ ತಂಪ ಗಾಳಿ ಬರಬೇಕು. ಇಲ್ಲಂದರ ಇದನ್ನ ಗುಜರಿಗೆ ಹಾಕತೇನಿ. ಮಿರಜ ರಸ್ತಾದಾಗ ಶೋರೂಮು ಸಾಲಾಗಿ ತೆರದಾವ."

ಆ ಶೋರೂಮುಗಳು ತೆರೆದ ಮೇಲೆ ಭೂಪಾಲನ ಅಂಗಳಕ್ಕೆ ಬರುವ ಗಾಡಿಗಳೇ ಕಡಿಮೆ. ಬರುವುದೆಲ್ಲ ಹಳೆಯವು, ಅವನಂತೆಯೇ ಬೆನ್ನು ಬಾಗಿದವು. ಮಳೆಗಾಲದಲ್ಲಿ ಗಾಡಿ ಮುಟ್ಟುವ ಮೊದಲು ಬಾನೆಟ್ಟಿನ ಮೇಲೆ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಬಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಅವನ ರೂಢಿ. ಹಲ್ಲಿಯೋ ಕಪ್ಪೆಯೋ ಒಳಗಿದ್ದರೆ ಹೊರಟುಹೋಗಲಿ ಎಂದು. ಬೇರೆ ಮಿಸ್ತ್ರಿಗಳು ಇದನ್ನು ಕಂಡು, "ಭೂಪಾಲ ಕಾಕಾ ಗಾಡಿಗೂ ನಮಸ್ಕಾರ ಮಾಡ್ತಾನ," ಎಂದು ನಗುತ್ತಿದ್ದರು.

ಅಂದು ಬಾನೆಟ್ಟು ಬಡಿದ. ಡ್ಯಾಶ್‌ಬೋರ್ಡು ಬಡಿಯಲಿಲ್ಲ. ಜೈನರ ದಶಲಕ್ಷಣ ಪರ್ವ, ದಿನಕ್ಕೊಮ್ಮೆ ಮಾತ್ರ ಉಣ್ಣುವ ಒಪ್ಪತ್ತಿನ ವ್ರತ, ತಲೆಯಲ್ಲಿ ಇಳಿಹೊತ್ತಿನ ಗಡಿಬಿಡಿ. ಸೀಟಿನಲ್ಲಿ ಕೂತವನೇ ಫ್ಯಾನಿನ ಸ್ವಿಚ್ಚು ಒತ್ತಿಬಿಟ್ಟ.

ಒಳಗೆ ಟಪ್ ಎಂದಿತು. ಸಣ್ಣ ಸಪ್ಪಳ. ಮರುಗಳಿಗೆಯೇ ಸ್ವಿಚ್ಚು ಆರಿಸಿದ. ಆದರೆ ಆ ಸಪ್ಪಳ ಯಾವುದರದೆಂದು ಕೈಗೆ ಆಗಲೇ ತಿಳಿದಿತ್ತು.

ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಗಾಳಿಪೆಟ್ಟಿಗೆ ಬಿಚ್ಚಿದ. ಫ್ಯಾನಿನ ಎಲೆಗಳ ನಡುವೆ ಇಲಿಯೊಂದು ಸತ್ತುಬಿದ್ದಿತ್ತು. ಅದರಾಚೆ, ಬಿಸಿಗಾಳಿಗೂ ತಣ್ಣನೆಯ ಗಾಳಿಗೂ ದಾರಿ ಬದಲಿಸುವ ಚಿಕ್ಕ ಬಾಗಿಲಿನ ಸಂದಿಯಲ್ಲಿ, ಗೋಣಿಚೀಲದ ನಾರು ತುರುಕಿ ಕಟ್ಟಿದ ಗೂಡು. ಗುಂಡಿ ತಿರುಗಿಸಿದರೂ ಆ ಬಾಗಿಲು ಯಾಕೆ ಮುಚ್ಚುತ್ತಿರಲಿಲ್ಲ ಎಂಬುದು ಈಗ ತಿಳಿಯಿತು. ನಾರಿಗೆಲ್ಲ ಅರಿಸಿನ ಹತ್ತಿ, ಬಾಣಂತಿ ಕೋಣೆಯ ಹಾಸಿಗೆಯ ಹಾಗೆ ಹಳದಿಯಾಗಿತ್ತು. ಅದರೊಳಗೆ ಆಗಷ್ಟೇ ಕಣ್ಣು ತೆರೆದ ಮರಿಗಳು ಒಂದರ ಮೈಯೊಳಗೊಂದು ಹುದುಗಿ ನಡುಗುತ್ತಿದ್ದವು.

ಭೂಪಾಲ ಎದ್ದು ಕೈ ತೊಳೆದ. ಮತ್ತೊಮ್ಮೆ ತೊಳೆದ. ತಾಯಿ ಇಲಿಯನ್ನು ಬೇವಿನ ಬುಡದಲ್ಲಿ ಮಣ್ಣು ಮಾಡಿದ. ಮರಿಗಳನ್ನು ಇಡಲು ಗ್ಯಾರೇಜಿನಲ್ಲಿ ಎಣ್ಣೆ ಅಂಟದ ಒಂದು ಡಬ್ಬಿಯೂ ಇರಲಿಲ್ಲ, ಊಟದ ಹಿತ್ತಾಳೆ ಡಬ್ಬಿಯ ಹೊರತು. ಹೆಂಡತಿ ಮಾಣಿಕಬಾಯಿ ಅದನ್ನು ಕೈಗಿಡುವಾಗ, "ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣರಿ. ಕೆಲಸಾ ಅಂತ ಕುಂತರ ಆಮ್ಯಾಲ ನೀರೂ ಇಲ್ಲ," ಎಂದಿದ್ದಳು. ಡಬ್ಬಿಯಲ್ಲಿದ್ದ ರೊಟ್ಟಿ, ಹೆಸರುಕಾಳಿನ ಪಲ್ಯವನ್ನು ರಸ್ತೆಯ ಆಕಳಿಗೆ ಇಟ್ಟ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಗೂಡನ್ನು ಕದಡದಂತೆ ಎತ್ತಿ ಒಳಗಿರಿಸಿದ. ಆಮೇಲೆ ಸಣ್ಣ ಬಾಗಿಲಿನ ಕೀಲಿಗೆ ಎಣ್ಣೆ ಹಾಕಿ, ಗುಂಡಿಯ ತಂತಿ ಬಿಗಿದು, ಪೆಟ್ಟಿಗೆ ಕೂಡಿಸಿದ. ಡ್ಯಾಶ್‌ಬೋರ್ಡು ಬಡಿದು, ನಿಂತು, ಸ್ವಿಚ್ಚು ಒತ್ತಿದ. ತಣ್ಣನೆಯ ಗಾಳಿ ಬಂತು. ಅವನಿಗೆ ಅದು ತಾಕಿದಂತೆ ಅನಿಸಲಿಲ್ಲ.

ಇಳಿಹೊತ್ತಿಗೆ ಶೇಟರು ರಿಕ್ಷಾದಿಂದ ಇಳಿದರು. "ಆತೇನೋ ಮಿಸ್ತ್ರಿ?"

"ಆಗೇತ್ರಿ ಶೇಟ್ರ."

"ಮತ್ತ ಮಾರಿ ಯಾಕ ಹಿಂಗ? ಉಪಾಸ ಹತ್ತೇತೇನು?"

ಭೂಪಾಲ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಶೇಟರು ಒಂದು ಹೆಜ್ಜೆ ಹಿಂದೆ ಸರಿದರು.

"ಏ, ನಮ್ಮ ಗೋದಾಮಿನ ಕಳ್ಳರೋ ಇವರು! ನಾ ರೊಕ್ಕಾ ಸುರದು ಇಲಿ ಔಷಧ ಇಡೂದು, ನೀ ಡಬ್ಯಾಗ ಹಾಕಿ ಜ್ವಾಪಾನ ಮಾಡೂದು! ಗಟಾರಕ್ಕ ಒಗಿ ಅತ್ತ."

"ಇವುರ ಅವ್ವನ್ನ ನಾನ ಕೊಂದೇನ್ರಿ."

"ಬೇಕಂತ ಮಾಡೀದಿ ಏನು?"

"ಇಲ್ಲರಿ. ಆದರ ಸ್ವಿಚ್ ಒತ್ತಿದ ಕೈ ನಂದ."

ಶೇಟರು ಕಾರಿನ ಬಾಗಿಲು ತೆಗೆದರು. "ಡ್ರೈವರ್ ಬಾಳಪ್ಪ ಲಿಂಗನೂರಿಗೆ ಹೋಗ್ಯಾನ. ಗಾಡಿ ನೀನ ಹೊಡಿ, ನಡಿ," ಎಂದರು. ಭೂಪಾಲ ಡಬ್ಬಿಯನ್ನು ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೇ ಇಟ್ಟುಕೊಂಡ. ಶೇಟರು ಬಾಗಿಲಿಗೆ ಅಂಟಿಕೊಂಡು ಕೂತರು.

ಮಿರಜದ ದವಾಖಾನೆಯವರು ಕಾಡವ್ವನನ್ನು ಗಾಲಿಕುರ್ಚಿಯಲ್ಲಿ ತಂದು, "ಸಾವಕಾಶ, ಸಾವಕಾಶ" ಎನ್ನುತ್ತ ಹಿಂದಿನ ಸೀಟಿಗೆ ಏರಿಸಿದರು. ಪೇಟೆಯ ಹಮಾಲರೂ ಹೆದರುವಂತೆ ಮಾತಾಡುತ್ತಿದ್ದ ಹೆಂಗಸು. ಈಗ ಬಾಯಿ ಬಿಡುವುದೇ ಭಾರವಾದಂತೆ ಕಣ್ಣು ಮುಚ್ಚಿ ಒರಗಿದಳು.

"ಗಾಳಿ ತಂಪ ಐತಿಲ್ಲೋ?" ಎಂದು ಶೇಟರು ಕತ್ತು ತಿರುಗಿಸಿ ಕೇಳಿದರು. ಉತ್ತರವಿಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ಕೇಳಿದರು. "ದವಾಖಾನ್ಯಾಗೂ ಹಿಂಗ," ಎಂದು ಭೂಪಾಲನಿಗೆ ಮೆಲ್ಲಗೆ ಹೇಳಿದರು. "ತಿನ್ನು ಅಂದರ ತಿನ್ನಾಂಗಿಲ್ಲ, ಮಾತಾಡು ಅಂದರ ಮಾತಾಡಾಂಗಿಲ್ಲ. ಕಾಲು ಕೂಡೇತಂತ ಡಾಕ್ಟರ ಅಂತಾರ. ಆಕಿಗೇ ಏಳೂ ಮನಸ್ಸಿಲ್ಲ."

ಆಗ ಡಬ್ಬಿಯೊಳಗಿಂದ ಚೀಂ ಎಂದಿತು.

"ಏನದು?" ಕಾಡವ್ವನ ದನಿ.

"ಏನಿಲ್ಲ. ಗಾಡಿ ಹಳೇದು," ಎಂದರು ಶೇಟರು.

ವ್ರತದ ದಿನ ಸುಳ್ಳಿಗೆ ಹೂಂಗುಟ್ಟುವುದು ಭೂಪಾಲನಿಂದ ಆಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ನೋಡದೆ, ನಡೆದದ್ದನ್ನೆಲ್ಲ ಹೇಳಿದ. "ಬಡಿಯೂದು ಮರತೆನ್ರಿ ಅಕ್ಕಾರ."

ಹಿಂದಿನ ಸೀಟಿನಿಂದ ಕಾಡವ್ವ ಕೈ ಚಾಚಿದಳು.

"ಇತ್ತ ಕೊಡ್ರಿ ಅಣ್ಣಾರ ಆ ಡಬ್ಬಿ."

"ನಿನಗ್ಯಾಕ ಆ ಹೊಲಸು?" ಎಂದರು ಶೇಟರು.

"ನನಗೂ ಮೊನ್ನಿ ಮೊನ್ನಿ ತನಾ ಚಮಚದಲೇ ಬಾಯಾಗ ಹಾಕ್ಯಾರ. ಹೆಂಗ ಹಾಕಿದರ ಗಂಟಲಾಗ ಇಳೀತೈತಿ ಅನ್ನೂದು ನಿಮಗೇನ ಗೊತ್ತ?"

ಶೇಟರು ಡಬ್ಬಿಯನ್ನು ಹಿಂದಕ್ಕೆ ದಾಟಿಸಿದರು. ಕಾಡವ್ವ ಅದನ್ನು ಉಡಿಯಲ್ಲಿಟ್ಟುಕೊಂಡು ಮುಚ್ಚಳ ಸರಿಸಿ ನೋಡಿದಳು. ಸೆರಗು ಹೊದಿಸಿದಳು.

"ಅಣ್ಣಾರ, ತಂಪ ಕಡಿಮಿ ಮಾಡ್ರಿ. ಇವಕ್ಕ ಆಗಿಬರಾಂಗಿಲ್ಲ."

"ಅಲ್ಲಾ, ಮಿಸ್ತ್ರಿನ್ನ ಇಡೀ ದಿನಾ ಕುಂಡ್ರಿಸಿ ನಿನ್ನ ಸಲುವಾಗಿ ತಂಪ ಮಾಡಸೇನಿ..."

"ನಿಮ್ಮ ಬಾಯಿ ಮುಚ್ಚಿದರ ನಾ ತಂಪ ಇರತೇನಿ."

ಶೇಟರು ರಸ್ತೆಯ ಕಡೆ ಮುಖ ತಿರುಗಿಸಿದರು. ಅವರ ಕಣ್ಣು ತೇವವಾಗಿದ್ದನ್ನು ಭೂಪಾಲ ಕಂಡೂ ಕಾಣದಂತಿದ್ದ. ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಸಣ್ಣ ಬಾಗಿಲು ಒಳಗೆಲ್ಲೋ ಸದ್ದಿಲ್ಲದೆ ಸರಿಯಿತು. ಕಾರು ಸಾಂಗ್ಲಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ; ಅಂದಿನ ಒಪ್ಪತ್ತು ಪೂರಾ ಉಪವಾಸವಾಯಿತು.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಸದಿಯಲ್ಲಿ ಕಂಡವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡಿ ಬಂದ ಭೂಪಾಲ, ಗ್ಯಾರೇಜಿನ ಬೇವಿನ ಬುಡದಲ್ಲಿ ಸುಮ್ಮನೆ ಕೂತಿದ್ದ. ಬಿಳಿ ಕಾಂಟೆಸ್ಸಾ ಬಂದು ನಿಂತಿತು. ಕಾಲು ತೋರಿಸಲು ಮಿರಜಕ್ಕೆ ಹೊರಟವರು. ಮುಂದಿನ ಸೀಟಿನಿಂದ ಶೇಟರು ತಲೆ ಹೊರಹಾಕಿದರು.

"ಮಿಸ್ತ್ರಿ, ಈಕಿ ನಿನ್ನ ಮರಿಗೋಳನ್ನ ನನ್ನ ಗೋದಾಮಿನಾಗ ಬಿಡಿಸ್ಯಾಳ, ಇಲಿ ಔಷಧ ಇಡಾಕ ಬಿಡವಲ್ಲಳು. ದಿನಾ ಕಾಳು ಹಾಕಿ ಬಾ ಅಂತ ನನ್ನ ಕಳಸತಾಳ. ಅವು ನನ್ನ ಕಂಡರ ಓಡೂದೂ ಇಲ್ಲ ಈಗ!"

ಹಿಂದಿನ ಗಾಜು ಇಳಿಯಿತು. ಭೂಪಾಲ ಹತ್ತಿರ ಹೋಗಿ ಕೈಮುಗಿದ. ಕಾಡವ್ವ ಸೆರಗಿನೊಳಗಿಂದ ಹಿತ್ತಾಳೆ ಡಬ್ಬಿ ತೆಗೆದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದಳು. ಮುಚ್ಚಳದ ತೂತುಗಳಿಗೆಲ್ಲ ಬೆಸುಗೆ ಹಾಕಿಸಿದ್ದಳು. ಒಳಗೆ ಕಂಠಮಟ್ಟ ಒಣದ್ರಾಕ್ಷಿ.

"ಬಿಸಲಾಗ ಒಣಗಿದ್ದರಿ, ನಮ್ಮ ಮನಿ ಒಲಿ ಕಂಡಿಲ್ಲ. ನಿಮ್ಮ ನೇಮಕ್ಕ ನಡೀತೈತಿ," ಎಂದು, ಎರಡೂ ಕೈಗಳಿಂದ ಅದನ್ನು ಅವನ ಬೊಗಸೆಗೆ ಇಟ್ಟಳು.