ಬಲೂನ್ ಅಕ್ಕನ ಕೊನೆಯ ದಿನ

ನಮ್ಮ ಅನಾಥಾಲಯಕ್ಕೆ ಸೇವೆ ಮಾಡಲೆಂದು ವಿದೇಶದಿಂದ ಬರುವವರೆಲ್ಲ ಮೊದಲು ಗೋಡೆಗೆ ಬಣ್ಣ ಬಳಿಯುತ್ತಾರೆ. ಯಾವಾಗಲೂ ಅದೇ ಗೋಡೆ. ಅವರು ವಿಮಾನ ಹತ್ತಿದ್ದೇ ತಡ, ಇಲ್ಲಿನ ಯಜಮಾನಿ ದೊಡ್ಡಮ್ಮ ಅದಕ್ಕೆ ಸುಣ್ಣ ಹೊಡೆಸುತ್ತಾರೆ. ಮುಂದಿನವರಿಗೂ ಕೆಲಸ ಬೇಕಲ್ಲ! ಆಮೇಲೆ ಆಟ. ಮುಟ್ಟಾಟವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಅವರು ಕಲಿಸುವಾಗ ಬಾಯಿ ಬಿಟ್ಟುಕೊಂಡು ನೋಡಬೇಕು.

ದೊಡ್ಡಮ್ಮನ ಇನ್ನೊಂದು ಕಟ್ಟಳೆ: ಅತಿಥಿಗಳಿದ್ದಾಗ ಯಾವ ಮಗುವಿಗೂ ನೆಂಟರಿರಕೂಡದು. ಬಂದ ನೆಂಟರು ಕೆಲಸದವರಾಗಿಬಿಡಬೇಕು. ಹೋದ ಸಲ ನಮ್ಮನ್ನು ನೋಡಲು ಬಂದ ಚಿಕ್ಕಮ್ಮನ ಕೈಗೆ ಪೊರಕೆ ಕೊಟ್ಟರು. ಪಾಪ, ಅಂಗಳವೆಲ್ಲ ಗುಡಿಸಿ, ನಮ್ಮ ತಲೆಯನ್ನೂ ಸವರದೆ ಹೊರಟುಹೋದಳು.

ಈ ಸಲ ಅವಳು ಬಾಡಿಗೆಗೆ ಕೋಣೆ ಹಿಡಿದು, ನನ್ನನ್ನೂ ತಂಗಿಯನ್ನೂ ಕರೆದೊಯ್ಯಲು ಬಂದಳು. ಬಂದದ್ದು ಸರಿಯಾಗಿ ಬಲೂನ್ ಅಕ್ಕ ತನ್ನ ದೇಶಕ್ಕೆ ಹೊರಡುವ ದಿನ. ಯಾರು ಅತ್ತರೂ ಬಲೂನು ಊದಿ ಕೊಡುತ್ತಿದ್ದುದರಿಂದ ಅವಳಿಗೆ ನಾವಿಟ್ಟ ಹೆಸರು ಅದು.

"ಪೊರಕೆ ಅಲ್ಲಿದೆ ನೋಡು," ದೊಡ್ಡಮ್ಮ ಗೇಟಿನಲ್ಲೇ ಪಿಸುಗುಟ್ಟಿದರು.

"ಗುಡಿಸೋಕೆ ಬಂದಿಲ್ಲಮ್ಮ. ಮಕ್ಕಳನ್ನ ಕರ್ಕೊಂಡು ಹೋಗ್ತೀನಿ."

"ಹಾಗಾದ್ರೆ ಮುಂದಿನ ತಿಂಗಳು ಬಾ."

ಮುಂದಿನ ತಿಂಗಳು ಇನ್ನೊಂದು ತಂಡ ಬಂದಿರುತ್ತದೆ, ನನಗೆ ಗೊತ್ತಿಲ್ಲವೇ? ಗೇಟಿಗೆ ಚಿಲಕ ಬಿತ್ತು. ತಂಗಿ ಗೊಳೋ ಎಂದು ಅಳತೊಡಗಿದಳು. ಬಲೂನ್ ಅಕ್ಕನಿಗೆ ಕರುಳು ಕಿತ್ತುಬಂತು. ತಂಗಿಯನ್ನು ಎತ್ತಿ ಎದೆಗವಚಿಕೊಂಡು, ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದು ತಾನೂ ಅತ್ತಳು. ಜೊತೆಗೆ ಬಂದಿದ್ದ ಗೆಳತಿ ಫೋಟೊ ತೆಗೆದಳು. ತಂಗಿ ಕೊಸರಾಡಿದಷ್ಟೂ ಅಪ್ಪುಗೆ ಬಿಗಿಯಾಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳೇ ಕಲಿಸಿದ ಅವಳ ಭಾಷೆಯಲ್ಲಿ ಹರಕುಮುರುಕಾಗಿ ಹೇಳಿಯೇಬಿಟ್ಟೆ.

"ಅಕ್ಕಾ, ಅವಳು ಅಳ್ತಿರೋದು ನಿಮಗೋಸ್ಕರ ಅಲ್ಲ. ಗೇಟ್ ಹತ್ರ ಇರೋದು ನಮ್ಮ ಚಿಕ್ಕಮ್ಮ. ನಮ್ಮನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದಿದ್ದಾಳೆ."

ಬಲೂನ್ ಅಕ್ಕ ಗೇಟಿನತ್ತ ನೋಡಿದಳು. ದೊಡ್ಡಮ್ಮ ಆಕಾಶ ನೋಡಿದರು.

"ಅಂದ್ರೆ, ನೀವು ಅನಾಥರಲ್ವಾ?"

"ಅಲ್ಲ."

ಅಂಗಡಿಯವನು ಹಳಸಿದ್ದನ್ನು ಕಟ್ಟಿಕೊಟ್ಟಾಗ ಆಗುವಂತೆ ಅವಳ ಮುಖ ಸಣ್ಣದಾಯಿತು. ತಂಗಿಯನ್ನು ನೆಲಕ್ಕಿಳಿಸಿ, ಗೆಳತಿಯ ಕಡೆ ತಿರುಗಿದಳು.

"ಆ ಫೋಟೊ ಅಳಿಸಿಬಿಡು. ಬೇರೆ ಮಗು ಯಾವುದಾದ್ರೂ ಇದೆಯಾ ಕೇಳು."

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ಅಳುವ ಮಗುವೊಂದನ್ನು ಹುಡುಕಲು ಒಳಗೆ ಓಡಿದರು. ನಾನು ಹೋಗಿ ಚಿಲಕ ತೆಗೆದೆ.