ಖಾನ್‌ಸಾಹೇಬರಿಗೆ ಒಪ್ಪಿಸಿದ ಎರಡು ಭರಣಿ

ನಾಸಿಕದ ಪಂಚವಟಿಯಲ್ಲಿ ನಮ್ಮ ಹೋಟೆಲಿದ್ದ ಕಾಲದಲ್ಲಿ, ಗೋದಾವರಿಯ ನೀರು ನಮ್ಮ ಹಿಂಬಾಗಿಲಿನ ಹತ್ತಿರ ಬಂದಾಗ ಸ್ವಲ್ಪ ನಿಧಾನವಾಗುತ್ತಿತ್ತು. ಸಾಂಬಾರಿನ ಪರಿಮಳಕ್ಕೆ. ನದಿಗೆ ಮೂಗಿಲ್ಲ ಎಂದು ವಾದ ಮಾಡುವವರ ಜೊತೆ ನಾನು ಮಾತಿಗೆ ನಿಲ್ಲುವುದಿಲ್ಲ. ಅಂಥವರು ನಮ್ಮ ಸಾಂಬಾರು ತಿಂದಿಲ್ಲ, ಅಷ್ಟೆ.

ನಾನು ಕಾರ್ಕಳದ ಕಡೆಯ ಮುದ್ದಣ್ಣ. ಅರುವತ್ತೇಳನೇ ಇಸವಿಯ ಬೇಸಗೆಯಲ್ಲಿ ನಿಫಾಡ್ ಕಡೆ ಅಕಾಲ ಮಳೆ ಬಿದ್ದು ತೋಟದ ದ್ರಾಕ್ಷಿಯೆಲ್ಲ ಬಿರಿದುಹೋಯಿತು. ಅಲ್ಲಿಯ ಪಾಟೀಲರೊಬ್ಬರು ನಮ್ಮ ಖಾಯಂ ಗಿರಾಕಿ, ಕೂತರೆ ಹದಿನೆಂಟು ಇಡ್ಲಿಗೆ ಕಡಿಮೆ ಏಳುವವರಲ್ಲ. "ಮುದ್ದಣ್ಣಾ, ಮಾರಲು ಬರುವುದಿಲ್ಲ, ನೀನಾದರೂ ತಿನ್ನು" ಎಂದು ಒಂದು ಎತ್ತಿನ ಗಾಡಿ ತುಂಬ ದ್ರಾಕ್ಷಿ ತಂದು ಸುರಿದರು. ನನ್ನ ಹೆಂಡತಿ ಕುಸುಮಾವತಿಯ ಪ್ರಕಾರ ಅದು ಮೂರು ಬುಟ್ಟಿ. ಇರಲಿ.

ಮೊದಲ ಗೊಂಚಲನ್ನು ದೇವರ ಮುಂದೆ ಇಟ್ಟೆವು. ನಮ್ಮ ಅಡುಗೆಮನೆಗೆ ಏನು ಬಂದರೂ ಅದು ಪದ್ಧತಿ. ಉಳಿದದ್ದನ್ನು ಏನು ಮಾಡುವುದು? ಚಿಕ್ಕಂದಿನಲ್ಲಿ ಮಂಗಳೂರಿನಲ್ಲಿ ನೆರೆಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆ ದ್ರಾಕ್ಷಾರಸ ಮಾಡುವುದನ್ನು ನಾನು ಬೇಲಿಯ ಸಂದಿಯಿಂದ ನೋಡಿದ್ದೆ. ಒಂದು ಸಲ ನೋಡಿದ ಅಡುಗೆಯನ್ನು ಈ ಕೈ ಮರೆಯುವುದಿಲ್ಲ. ಹಿಸುಕಿದೆ, ಸಕ್ಕರೆ ಹಾಕಿದೆ, ಎರಡು ದೊಡ್ಡ ಉಪ್ಪಿನಕಾಯಿ ಭರಣಿಗೆ ತುಂಬಿ ಮಂಚದ ಕೆಳಗೆ ತಳ್ಳಿದೆ. ಆಗ ಮಹಾರಾಷ್ಟ್ರದಲ್ಲಿ ದಾರೂಬಂದಿ. ಪರ್ಮಿಟ್ ಇಲ್ಲದೆ ಒಂದು ಗುಟುಕು ಸಿಕ್ಕಿದರೂ ಸೀದಾ ಒಳಗೆ. ಆದರೆ ಸಸ್ಯಾಹಾರಿ ಹೋಟೆಲಿನವನ ಮಂಚದ ಕೆಳಗೆ ಯಾವ ಪೊಲೀಸಿನವನು ಬಗ್ಗಿ ನೋಡುತ್ತಾನೆ?

ರಸ ಎಂಥದ್ದಾಯಿತೆಂದರೆ, ಮುಚ್ಚಳ ತೆಗೆದ ದಿನ ಅಂಗಳದ ಪಾರಿವಾಳಗಳು ಸಾಲಾಗಿ ಕೂತು ತೂಕಡಿಸಿದವು. ದಿನಾ ಸಂಜೆ ಒಂದೇ ಲೋಟ. ಸಣ್ಣ ಲೋಟ.

ಕೆಟ್ಟದ್ದು ಆ ಸಣ್ಣ ಲೋಟದಿಂದಲೇ. ಆಷಾಢದ ಒಂದು ಭಾನುವಾರ ನಮ್ಮ ಊರಿನವನೇ ಆದ ಹರಿದಾಸನ ಮನೆಯಲ್ಲಿ ಊಟ. ಹೊರಡುವಾಗ ದಾರಿಯ ಆಯಾಸಕ್ಕೆಂದು ಒಂದು ಲೋಟ ಏರಿಸಿದೆ. ದಾರಿ ಎಂದರೆ ಎರಡು ಗಲ್ಲಿ. ಹರಿದಾಸನ ಹೆಂಡತಿ ರಾಜೀವಿ ಪತ್ರೊಡೆ ಬಡಿಸಿದಳು, ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸಿದ್ದು. ಬಾಯಿಗಿಟ್ಟವನೇ ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿಬಿಟ್ಟೆ:

"ರಾಜೀವಿಯಕ್ಕಾ, ಇಂಥ ಪತ್ರೊಡೆ ನಾನು ಮದುವೆಯಾದ ಮೇಲೆ ತಿಂದೇ ಇಲ್ಲ!"

ಹೆಂಗಸರ ಪಂಕ್ತಿಯಲ್ಲಿ ಎಲೆಯ ಸದ್ದು ನಿಂತಿತು. ಕುಸುಮಾವತಿ ತಲೆಯೆತ್ತಲಿಲ್ಲ. ಮಜ್ಜಿಗೆಯವರೆಗೆ ಶಾಂತವಾಗಿ ಉಂಡಳು, ಮನೆಗೆ ಬಂದಳು, ಮಾತು ಬಿಟ್ಟಳು.

ಬಿಟ್ಟಳು ಎಂದರೆ ಪೂರ್ತಿ. ನಾನು ಅಂದೇ ತುಳಸಿಯ ಮುಂದೆ ನಿಂತು ಇನ್ನು ಆ ರಸವನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ನಿಜವಾಗಿಯೂ ಅದರ ಮೇಲಿನ ಆಸೆಯೇ ನನಗೆ ಹೋಗಿತ್ತು. ಕುಸುಮಾವತಿ ತುಳಸಿಗೆ ನೀರು ಹಾಕಿದಳು, ನನಗೆ ಉತ್ತರ ಕೊಡಲಿಲ್ಲ. ಮರುದಿನ ಇಡ್ಲಿಗೆ ಕಡೆಯುತ್ತಾ ಕಡೆಯುವ ಕಲ್ಲಿಗೆ ಹೇಳಿದಳು:

"ಕಲ್ಲೇ, ಕೇಳು. ಆ ಎರಡು ಭರಣಿ ಈ ಮನೆ ಬಿಟ್ಟು ಹೋದ ದಿನ ನಾನು ಬಾಯಿ ಬಿಡುತ್ತೇನೆ. ಆದರೆ ಚರಂಡಿಗೆ ಚೆಲ್ಲಿದರೆ ನೋಡು, ಅದರ ಗೊಂಚಲು ದೇವರ ಮುಂದೆ ಇಟ್ಟದ್ದು. ಮಾರುವುದೂ ಬೇಡ. ಇನ್ನೊಬ್ಬರಿಗೆ ಕುಡಿಸುವುದೂ ಬೇಡ, ಅವರಿಗೂ ಮನೆಯಲ್ಲಿ ಹೆಂಡತಿ ಇರುತ್ತಾಳೆ."

"ಹಾಗಾದರೆ ಏನು ಮಾಡುವುದು ಮಾರಾಯ್ತಿ?" ಎಂದೆ.

ಕಲ್ಲು ಗರಗರ ಎಂದಿತು, ಅಷ್ಟೆ.

ನೀವು ನಗುತ್ತೀರಿ. ನನ್ನ ಕಷ್ಟ ನನಗೆ. ನಾನು ನೂರು ಎಂದರೆ ಅವಳು ಹತ್ತು ಎನ್ನುತ್ತಿದ್ದಳು, ನಿಜ ಹನ್ನೊಂದರ ಹತ್ತಿರ ಎಲ್ಲೋ ಇರುತ್ತಿತ್ತು. ಇಪ್ಪತ್ತು ವರ್ಷ ಹಾಗೆ ಸಂಸಾರ ನಡೆದಿತ್ತು. ಈಗ ನಾನು ನೂರು ಎಂದರೆ ನೂರೇ ಉಳಿಯುತ್ತಿತ್ತು, ಕಡಿಮೆ ಮಾಡುವವರಿಲ್ಲ. ಹತ್ತು ದಿನದಲ್ಲಿ ನನ್ನ ಮಾತನ್ನು ನಾನೇ ನಂಬಲು ಶುರು ಮಾಡಿದೆ. ಗಂಡಸಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ.

ದ್ರಾಕ್ಷಾರಸದಲ್ಲಿ ಹಿತ್ತಾಳೆ ಪಾತ್ರೆ ತಿಕ್ಕಿ ನೋಡಿದೆ. ಹಂಡೆ ಎಷ್ಟು ಹೊಳೆಯಿತೆಂದರೆ ರಾಮನ ದರ್ಶನಕ್ಕೆ ಬಂದ ಯಾತ್ರಿಕರು ನಮ್ಮ ಹಂಡೆಗೆ ಕೈಮುಗಿದು ಹೋದರು. ಆದರೆ ಭರಣಿಯಲ್ಲಿ ಎರಡು ಬೆರಳು ಕೂಡ ಇಳಿಯಲಿಲ್ಲ. ಈ ಲೆಕ್ಕದಲ್ಲಿ ಖಾಲಿ ಮಾಡಲು ಮಹಾರಾಷ್ಟ್ರದ ಹಿತ್ತಾಳೆಯೆಲ್ಲ ಬೇಕಾಗುತ್ತಿತ್ತು.

ಕೊನೆಗೆ ಮನ್ಮಥಪ್ಪನವರ ನೆನಪಾಯಿತು. ಬೀದರ ಕಡೆಯವರು, ಔರಂಗಾಬಾದಿನ ಗುಲ್‌ಮಂಡಿಯಲ್ಲಿ ಅರಿವೆ ಅಂಗಡಿ. ನಾಸಿಕಕ್ಕೆ ಬಂದಾಗ ನಮ್ಮಲ್ಲೇ ಊಟ. ಕೊರಳಲ್ಲಿ ಲಿಂಗ, ಮಾತಲ್ಲಿ ಬೆಲ್ಲ, ಚಹಾಕ್ಕಿಂತ ಖಡಕ್ಕಾದದ್ದು ಯಾವುದನ್ನೂ ಕುಡಿದವರಲ್ಲ. ಪೋಸ್ಟಾಫೀಸಿಗೆ ಹೋಗಿ ಅವರಿಗೆ ಟ್ರಂಕಾಲ್ ಹಾಕಿದೆ. ಮಳೆಗಾಲದ ಲೈನು, ನೂರು ಕಪ್ಪೆ ಒಟ್ಟಿಗೆ ಕೂಗಿದ ಹಾಗೆ ಸದ್ದು. ನನ್ನ ಕಥೆ ಕೇಳಿ ಅವರು ಆ ಕಡೆಯಿಂದ ಕಿರುಚಿದರು:

"ಚೆಲ್ಲಬ್ಯಾಡ್ರಿ ಅಣ್ಣಾವ್ರ! ಸಿರ್ಕಾ ಮಾಡಿಬಿಡ್ರಿ, ಸಿರ್ಕಾ! ಇಲ್ಲಿ ನಮ್ಮ ಮನಿ ಓಣ್ಯಾಗ ಸಿರ್ಕಾದ ಖಾನ್‌ಸಾಹೇಬ್ರು ಅದಾರ. ಭಾಳ ದೊಡ್ಡ ಮನುಷ್ಯಾ. ಅವರ ಕೈಗೆ ಒಪ್ಪಿಸ್ರಿ, ಮುಂದಿಂದು ಅವರು ನೋಡ್ಕೋತಾರ!"

ಅವರು ಹೇಳಿದ್ದು ಸಿರ್ಕಾ. ಎಂದರೆ ವಿನೆಗರ್, ಉಪ್ಪಿನಕಾಯಿಗೆ ಹಾಕುವ ಹುಳಿನೀರು. ಆದರೆ ಹುಣಿಸೆಹುಳಿ, ಮಜ್ಜಿಗೆಹುಳಿ, ಬಿಂಬುಳಿ ಬಿಟ್ಟರೆ ಬೇರೆ ಹುಳಿ ಇದೆಯೆಂದೇ ಗೊತ್ತಿಲ್ಲದ ಕಾರ್ಕಳದ ಕಿವಿ ಇದು. ಆ ಕಪ್ಪೆಗಳ ನಡುವೆ ನನ್ನ ಕಿವಿಗೆ ಬಿದ್ದದ್ದು "ಸರ್ಕಾರ". ಸರ್ಕಾರಕ್ಕೆ ಮಾಡಿಬಿಡಿ. ಸರ್ಕಾರದ ಖಾನ್‌ಸಾಹೇಬರ ಕೈಗೆ ಒಪ್ಪಿಸಿ.

ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಕುಡಿದ ಹಾಗಲ್ಲ, ಚೆಲ್ಲಿದ ಹಾಗಲ್ಲ, ಮಾರಿದ ಹಾಗೂ ಅಲ್ಲ. ಸರ್ಕಾರಕ್ಕೆ ಹೆಂಡತಿಯೂ ಇಲ್ಲ. ತಾನಾಗಿ ಶರಣು ಬಂದವನನ್ನು ದೊಡ್ಡ ಮನುಷ್ಯರು ಕ್ಷಮಿಸದೆ ಇರುತ್ತಾರೆಯೇ? ಕ್ಷಮಿಸದಿದ್ದರೆ ಎರಡು ದಿನ ಜೈಲು. ಮನೆಯಲ್ಲಿ ಮಾತಿಲ್ಲದೆ ಇರುವುದಕ್ಕಿಂತ ಅದೇ ವಾಸಿ, ಅಲ್ಲಿ ಕೊನೆಗೆ ಕಳ್ಳರಾದರೂ ಮಾತಾಡುತ್ತಾರೆ.

ತಪ್ಪೊಪ್ಪಿಗೆಯ ಅರ್ಜಿಯನ್ನು ಮೂರು ಪ್ರತಿ ಬರೆದೆ. ಮದುವೆಯ ಕೋಟು ಹಾಕಿದೆ, ಒಂದೇ ಗುಂಡಿ ಹಿಡಿಯಿತು. ಭರಣಿಗಳಿಗೆ ಗೋಣಿ ಸುತ್ತಿ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಮನ್ಮಾಡಿನಲ್ಲಿ ಇಳಿದು ಔರಂಗಾಬಾದಿನ ಸಣ್ಣ ರೈಲಿಗೆ ಬದಲಾಯಿಸುವಾಗ ಒಬ್ಬ ಪೊಲೀಸ್ ಪೇದೆ ಕೋಲಿನಿಂದ ಗೋಣಿಗೆ ತಟ್ಟಿದ.

"ಕಾಯ್ ಆಹೇ ಯಾತ್?" ಇದರಲ್ಲಿ ಏನಿದೆ?

"ಸರ್ಕಾರೀ ಮಾಲ್" ಎಂದೆ. ಸುಳ್ಳಲ್ಲವಲ್ಲ! ನನ್ನ ಕೋಟು ನೋಡಿದ, ಎದೆಯ ಮೇಲಿನ ಅರ್ಜಿಯ ಕಟ್ಟು ನೋಡಿದ, ಸೆಲ್ಯೂಟ್ ಹೊಡೆದು ತಾನೇ ಭರಣಿಗಳನ್ನು ಹೊತ್ತು ಸೀಟಿನ ಕೆಳಗೆ ಇಟ್ಟ. ಎರಡು ಸೆಲ್ಯೂಟ್. ಇಲ್ಲ, ಮೂರು.

ಔರಂಗಾಬಾದಿನಲ್ಲಿ ಮನ್ಮಥಪ್ಪನವರ ಅಂಗಡಿಗೆ ಹೋದರೆ ಅವರು ಮನೆಗೆ ಊಟಕ್ಕೆ ಹೋಗಿದ್ದರು. ಕಾಯಲು ನನಗೆ ಧೈರ್ಯ ಸಾಲಲಿಲ್ಲ. ಇನ್ನು ಅರ್ಧ ಗಂಟೆ ಕೂತಿದ್ದರೆ ವಾಪಸ್ ರೈಲು ಹತ್ತುತ್ತಿದ್ದೆ. ಟಾಂಗಾದವನಿಗೆ "ಖಾನ್‌ಸಾಹೇಬ್" ಎಂದೆ, ಅವನು ಸೀದಾ ಒಂದು ಹಳೆಯ ವಾಡೆಯ ಮುಂದೆ ಇಳಿಸಿದ.

ಒಳಗೆ ಕಾಲಿಟ್ಟೆ. ಅಂಗಳದ ತುಂಬ ಸಾಲುಸಾಲು ಭರಣಿ. ನೂರಲ್ಲ, ಸಾವಿರ. ಪ್ರತಿಯೊಂದಕ್ಕೂ ಚೀಟಿ, ಚೀಟಿಯ ಮೇಲೆ ತಾರೀಖು. ಅಯ್ಯೋ ದೇವರೇ, ನನಗಿಂತ ಮೊದಲು ಎಷ್ಟು ಜನ ಸಿಕ್ಕಿಬಿದ್ದಿದ್ದಾರೆ! ಎಲ್ಲ ಜಪ್ತಿಯಾದ ಮಾಲು ಎಂದುಕೊಂಡೆ. ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಶೇರ್ವಾನಿ ತೊಟ್ಟ ಮುದುಕರು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಮೂರು ಪ್ರತಿಯನ್ನೂ ಅವರ ಪಾದದ ಬಳಿ ಇಟ್ಟು ಕೈಮುಗಿದೆ.

"ಹುಜೂರ್, ಎಲ್ಲ ನಾನೇ ಮಾಡಿದ್ದು. ಹೆಂಡತಿಗೆ ಸಂಬಂಧವಿಲ್ಲ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿ ಅಪ್ಪಟ ಲಖನೌದ್ದು. ಆದರೂ ಖಾನ್‌ಸಾಹೇಬರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡದಲ್ಲಿ ಬರೆದಿದ್ದೆ. ಆಮೇಲೆ ಒಂದು ಭರಣಿಯ ಮುಚ್ಚಳ ತೆಗೆಸಿದರು, ಮೂಸಿದರು, ಬೆರಳದ್ದಿ ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದರು. ಇಡೀ ಔರಂಗಾಬಾದ್ ಉಸಿರು ಹಿಡಿದು ನಿಂತಿತು.

ಕಣ್ಣು ತೆರೆದು ತೀರ್ಪು ಕೊಟ್ಟರು: "ಚಾಲೀಸ್ ದಿನ್ ಅಂದರ್ ರಖ್‌ನಾ ಪಡೇಗಾ."

ನಲವತ್ತು ದಿನ ಒಳಗೆ ಇಡಬೇಕಾಗುತ್ತದೆ! ಎರಡಲ್ಲ, ನಾಲ್ಕಲ್ಲ, ನಲವತ್ತು!

"ಹುಜೂರ್, ಸ್ವಲ್ಪ ಕಡಿಮೆ..."

"ಕಮ್ ನಹೀಂ ಚಲೇಗಾ" ಎಂದರು ಅವರು ಶಾಂತವಾಗಿ. ಕಡಿಮೆಯಾದರೆ ನಡೆಯದು. "ಅಂಧೇರೇ ಮೇಂ. ಔರ್ ಮುಂಹ್ ಪೇ ಕಪ್ಡಾ ಬಾಂಧ್ ಕೇ."

ಕತ್ತಲೆಯಲ್ಲಿ. ಬಾಯಿಗೆ ಬಟ್ಟೆ ಕಟ್ಟಿ.

ಸ್ವಾಮೀ, ಜೈಲಿಗೆ ನಾನು ತಯಾರಾಗಿ ಬಂದಿದ್ದೆ. ಆದರೆ ಈ ಬಾಯಿಗೆ ನಲವತ್ತು ದಿನ ಬಟ್ಟೆಯೇ! ಅವರ ಎರಡೂ ಕಾಲು ಹಿಡಿದುಬಿಟ್ಟೆ. "ಕತ್ತಲೆಗೆ ಹಾಕಿ, ಕಲ್ಲು ಒಡೆಸಿ, ಬಾಯಿ ಒಂದು ಕಟ್ಟಬೇಡಿ ಹುಜೂರ್! ಬಾಯಿ ಕಟ್ಟಿದರೆ ನಾನು ಮೂರನೇ ದಿನಕ್ಕೆ ಸತ್ತುಹೋಗುತ್ತೇನೆ!" ಕಣ್ಣೀರು ಗಡ್ಡಕ್ಕಿಳಿಯಿತು. ಗಡ್ಡ ಅವರದ್ದು, ನನ್ನನ್ನು ಎಬ್ಬಿಸಲು ಬಗ್ಗಿದ್ದರು ಪಾಪ.

ಅಷ್ಟರಲ್ಲಿ ಬಾಗಿಲಲ್ಲಿ ಮನ್ಮಥಪ್ಪನವರು, ನನ್ನ ಕೂಗು ಕೇಳಿ ಊಟದ ಕೈಯಲ್ಲೇ ಓಡಿ ಬಂದಿದ್ದರು. "ಅಯ್ಯೋ ಶಿವನೇ! ಅಣ್ಣಾವ್ರ, ಇದೇನ್ರೀ ಅವತಾರ? ಯಾಕ ಅಳಾಕತ್ತೀರಿ?"

"ಸರ್ಕಾರ ನನ್ನ ಬಾಯಿ ಕಟ್ಟುತ್ತದಂತೆ!"

"ಯಾವ ಸರ್ಕಾರ? ಇದು ಸಿರ್ಕಾ ರೀ, ಸಿರ್ಕಾ! ಹುಳಿ! ಕಟ್ಟೂದು ನಿಮ್ಮ ಬಾಯಿ ಅಲ್ಲ, ಭರಣಿ ಬಾಯಿ!"

ಅವರು ಉರ್ದುವಿನಲ್ಲಿ ಖಾನ್‌ಸಾಹೇಬರಿಗೆ ವಿಷಯ ತಿಳಿಸಿದರು. ಆ ಮುದುಕರು ಮೊದಲು ಕನ್ನಡಕ ತೆಗೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡರು, ಕುರ್ಚಿ ಹಿಂದಕ್ಕೆ ವಾಲಿತು. ಆ ನಗುವಿಗೆ ವಾಡೆಯ ಸೂರಿನಿಂದ ಮುನ್ನೂರು ಗುಬ್ಬಿ ಹಾರಿದವು. ನನಗೆ ಮಾತ್ರ ಪ್ರಾಣ ಬಂತು. ರಸ ಆಗಲೇ ಅರ್ಧ ಹುಳಿಯಾಗಿದೆ, ನಲವತ್ತು ದಿನ ಗಾಳಿಯಾಡುವ ಬಟ್ಟೆ ಕಟ್ಟಿ ಕತ್ತಲೆಯಲ್ಲಿಟ್ಟರೆ ಅಮಲೆಲ್ಲ ಹೋಗಿ ಒಳ್ಳೆಯ ಸಿರ್ಕಾ ಆಗುತ್ತದೆ ಎಂದರು. ತಮ್ಮ ಹಳೆಯ ಸಿರ್ಕಾದ ಒಂದು ಬಟ್ಟಲನ್ನು ನನ್ನ ಭರಣಿಗೆ ಸುರಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ! ಇಷ್ಟೇ ಕೆಲಸ ಎಂದು ಮೊದಲೇ ಹೇಳಿದ್ದರೆ, ದಿನಾ ಇಡ್ಲಿಹಿಟ್ಟು ಹುಳಿ ಬರಿಸುವ ನನಗೆ ಅರ್ಥವಾಗುತ್ತಿರಲಿಲ್ಲವೇ? ಮನೆಗೆಂದು ಒಂದು ಸಣ್ಣ ಸೀಸೆ ತಯಾರಾದ ಸಿರ್ಕಾವನ್ನೂ ಕೊಟ್ಟರು.

ಮರುದಿನ ಬೆಳಿಗ್ಗೆ ಮನೆಗೆ ಬಂದಾಗ ಕುಸುಮಾವತಿ ಅಕ್ಕಿ ಆರಿಸುತ್ತಿದ್ದಳು. ಮಂಚದ ಕೆಳಗೆ ಒಮ್ಮೆ ನೋಡಿದಳು, ಖಾಲಿ. ಆದರೂ ಬಾಯಿ ಬಿಡಲಿಲ್ಲ. ಭರಣಿ ಹೋದರೆ ಸಾಲದು, ಎಲ್ಲಿಗೆ ಹೋಯಿತು ಎಂದು ತಿಳಿಯಬೇಕಲ್ಲ. ಸೀಸೆಯನ್ನು ಮುಂದಿಟ್ಟು ನಾನು ಕಲ್ಲಿನ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಅವಳು ಮಾತಾಡದ ಮೇಲೆ ನಾನೂ ಕಲ್ಲಿಗೇ ಹೇಳಬೇಕಷ್ಟೆ.

ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಒಂದಕ್ಕೆ ಒಂದೇ ಹೇಳಿದೆ. ಪೇದೆಯ ಸೆಲ್ಯೂಟ್ ಒಂದೇ, ಭರಣಿ ಇದ್ದದ್ದು ಐವತ್ತು, ನನ್ನ ಹಿಂದಿ ಕೆಟ್ಟದ್ದು. ಅಕ್ಕಿ ಆರಿಸುವ ಕೈ ನಿಧಾನವಾಯಿತು. ಕಾಲು ಹಿಡಿದದ್ದು ಹೇಳಿದೆ. ಕೈ ನಿಂತಿತು. ಬಾಯಿಗೆ ಬಟ್ಟೆ ಎಂದಾಗ ನನಗೆ ಈ ಮನೆಯೇ ನೆನಪಾಯಿತು ಕಲ್ಲೇ, ಮಾತಿಲ್ಲದ ಬಾಯಿ ಎಂದರೆ ಏನು ಎಂದು ಆ ಅಂಗಳದಲ್ಲಿ ತಿಳಿಯಿತು, ಪತ್ರೊಡೆಯ ವಿಷಯದಲ್ಲಿ ನಾನು ಆಡಿದ್ದು ಕತ್ತೆಯ ಮಾತು, ಎಂದೆ.

ಕುಸುಮಾವತಿ ನನ್ನ ಕಡೆ ತಿರುಗಿದಳು.

"ನೀವು ನಿಜವಾಗಿ ಅತ್ತದ್ದಾ?" ಎಂದಳು. ಕಲ್ಲಿಗಲ್ಲ, ನನಗೆ.

"ಸ್ವಲ್ಪ."

"ಆ ಮುದುಕರ ಗಡ್ಡದ ಮೇಲೆ?"

"ಹೂಂ."

ಮೊರ ಪಕ್ಕಕ್ಕಿಟ್ಟು ಸೆರಗು ಬಾಯಿಗಿಟ್ಟುಕೊಂಡಳು. ಅವಳ ಹೆಗಲು ಕುಣಿಯಿತು. ಆಮೇಲೆ ಸೆರಗಿಗೂ ತಡೆಯಲಾಗಲಿಲ್ಲ. ಹತ್ತೊಂಬತ್ತು ದಿನದ ಮಾತು ಒಟ್ಟಿಗೆ ಬಂತು: ಕೋಟಿನಲ್ಲಿ ಹೋದದ್ದು ಯಾಕೆ, ಗುಂಡಿ ಯಾರು ಹೊಲಿಯುವುದು, ಅರ್ಜಿ ಕನ್ನಡದಲ್ಲಿ ಬರೆಯುವಷ್ಟು ಬುದ್ಧಿ ಎಲ್ಲಿಂದ ಬಂತು, ಹೊಟ್ಟೆಗೆ ಏನು ತಿಂದಿರಿ. ಸೀಸೆಯ ಬಿರಡೆ ತೆಗೆದು ಒಂದು ತೊಟ್ಟು ನೆಕ್ಕಿ ಮುಖ ಹಿಂಡಿದಳು. "ಇದರಲ್ಲಿ ಶುಂಠಿ, ಹಸಿಮೆಣಸು ಹಾಕಿಟ್ಟರೆ ಉತ್ತಪ್ಪಕ್ಕೆ ಒಳ್ಳೆಯದಾಗುತ್ತದೆ" ಎಂದಳು. ಮರುವಾರದಿಂದ ನಮ್ಮ ಟೇಬಲ್ಲುಗಳ ಮೇಲೆ ಆ ಶುಂಠಿ. ಅದನ್ನು ತಿನ್ನಲೆಂದೇ ಇಪ್ಪತ್ತು ಮೈಲಿ ಆಚೆಯ ಸಿನ್ನರಿನಿಂದ ಜನ ನಡೆದು ಬರುತ್ತಿದ್ದರು.

ನಲವತ್ತನೇ ದಿನ ಭರಣಿ ತರಲು ಅವಳೂ ಹೊರಟಳು. "ನೀವು ಒಬ್ಬರೇ ಹೋದರೆ ಈ ಸಲ ಗಲ್ಲಿಗೆ ಹಾಕಿಸಿಕೊಂಡು ಬರುತ್ತೀರಿ." ರೈಲಿನಲ್ಲಿ ಎದುರು ಸೀಟಿನ ಕಾಶಿಬಾಯಿ ಎಂಬ ಹೆಂಗಸು ಎಲ್ಲಿಗೆ ಎಂದು ಕೇಳಿದ್ದೇ ತಡ, ಕುಸುಮಾವತಿ ಶುರು ಮಾಡಿದಳು. ಅವಳ ಮರಾಠಿ ನನ್ನ ಹಿಂದಿಗಿಂತ ಎಷ್ಟೋ ವಾಸಿ. ಸುತ್ತಲಿನ ಸೀಟಿನವರೆಲ್ಲ ಕತ್ತು ಚಾಚಿದರು. ನಿಫಾಡ್ ಬರುವ ಹೊತ್ತಿಗೆ ಭರಣಿ ಐದು ಸಾವಿರ ಆಗಿತ್ತು, ಖಾನ್‌ಸಾಹೇಬರ ಎಡಬಲದಲ್ಲಿ ಬಂದೂಕಿನವರು ನಿಂತಿದ್ದರು, ನಲವತ್ತು ದಿನದ ಶಿಕ್ಷೆ ನಲವತ್ತು ವರ್ಷವಾಗಿತ್ತು. ಕಾಶಿಬಾಯಿ ನನ್ನ ಕಡೆ ತಿರುಗಿ, "ಖರಂ ಕಾ ಹೋ?" ನಿಜವೇನ್ರೀ, ಎಂದು ಕೇಳಿದರು.

ಕುಸುಮಾವತಿ ನನ್ನನ್ನೇ ನೋಡುತ್ತಿದ್ದಳು.

"ಐವತ್ತು ವರ್ಷ" ಎಂದೆ. "ಇವಳು ಸ್ವಲ್ಪ ಕಡಿಮೆ ಹೇಳುತ್ತಾಳೆ."